ಸಿಂಹದ ಮರಿಗೆ ಬಾಟಲಿ ಹಾಲು ಕುಡಿಸಲು ದುಡ್ಡು ಕೊಟ್ಟು ಹೋಗಬೇಕಾ?

ಪ್ರಶ್ನೆ: ಸರ್, ನಾನು ಬದಿಯಡ್ಕ ಹತ್ತಿರದವಳು. ಪ್ರಾಣಿಶಾಸ್ತ್ರದಲ್ಲಿ ಎಂಎಸ್‌ಸಿ ಮುಗಿದಿದೆ. ದಕ್ಷಿಣ ಆಫ್ರಿಕಾದಲ್ಲಿ ನಾಲ್ಕು ವಾರ ವಾಲಂಟಿಯರ್ ಆಗಿ ಕೆಲಸ ಮಾಡಲು ಒಂದು ಕಡೆ ಹೆಸರು ಕೊಟ್ಟಿದ್ದೇನೆ. ಊಟ, ವಸತಿ ಸೇರಿ ಒಂದೂವರೆ ಲಕ್ಷ, ವಿಮಾನದ ಟಿಕೆಟ್ ಬೇರೆ. ಮುಂಗಡ ಇಪ್ಪತ್ತೈದು ಸಾವಿರ ಕಟ್ಟಿ ಆಗಿದೆ. ಅನಾಥ ಸಿಂಹದ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಬಹುದು, ಅವುಗಳ ಜೊತೆ ನಡೆಯಬಹುದು, ಬೇಕಾದಷ್ಟು ಫೋಟೊ ತೆಗೆಯಬಹುದು ಎಂದಿದ್ದಾರೆ. ಗೆಳತಿಯೊಬ್ಬಳು ‘ಇದೆಲ್ಲ ಮೋಸ, ಹೋಗಬೇಡ’ ಅನ್ನುತ್ತಾಳೆ. ಅಪ್ಪ ಅಡಿಕೆ ಮಾರಿದ ದುಡ್ಡು ಕೊಟ್ಟಿದ್ದಾರೆ, ಅದು ಹಾಳಾಗಬಾರದು. ಹೋಗಬಹುದಾ? ಫ್ಲ್ಯಾಶ್ ಹಾಕಿದರೆ ಪ್ರಾಣಿಗಳ ಕಣ್ಣು ಹೋಗುತ್ತದೆ ಎನ್ನುವುದು ನಿಜವಾ? ನನ್ನ ಹತ್ತಿರ ಹಳೆಯ ಕ್ರಾಪ್ ಸೆನ್ಸರ್ ಕ್ಯಾಮೆರಾ, 55-250 ಲೆನ್ಸ್ ಇದೆ, ಸಾಕಾ? ಫೋಟೊಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕಬಹುದಾ?

ಉತ್ತರ: ನೀವು ಕೇಳಿದ್ದು ನಾಲ್ಕು ಪ್ರಶ್ನೆ. ನನಗೆ ಕೇಳಿಸಿದ್ದು ಒಂದೇ. ಒಳ್ಳೆಯ ಕೆಲಸ ಅಂದುಕೊಂಡು ಅಪ್ಪನ ದುಡ್ಡಿನಲ್ಲಿ ಹೋಗಿ, ಗೊತ್ತಿಲ್ಲದೆ ಕೆಟ್ಟದ್ದಕ್ಕೆ ಕೈ ಜೋಡಿಸಿ ಬರುತ್ತೇನಾ ಎನ್ನುವ ಅಳುಕು. ಆ ಅಳುಕು ಸರಿಯಾದದ್ದೇ. ಲೆನ್ಸಿನ ವಿಷಯ ಆಮೇಲೆ ನೋಡೋಣ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹದಿನೈದು ವರ್ಷ ಹಿಂದೆ ನಾನೂ ಹೀಗೇ ದುಡ್ಡು ಕಟ್ಟಿ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದೆ. ಆಗ ನಾನು ಕಾಡಿನ ಫೋಟೊ ತೆಗೆಯಲು ಶುರುಮಾಡಿ ಎರಡು ವರ್ಷ ಆಗಿತ್ತಷ್ಟೆ. ಹೋದ ಮೊದಲ ದಿನವೇ ತೊಡೆಯ ಮೇಲೆ ಒಂದು ಮರಿ ತಂದು ಮಲಗಿಸಿದರು. ಆರು ವಾರದ್ದು ಅಂದರು. ಬೆಚ್ಚಗಿನ ಹೊಟ್ಟೆ, ಬಾಯಿಯಲ್ಲಿ ಪುಡಿ ಹಾಲಿನ ವಾಸನೆ. ಮುಂಗಾಲಿನ ಉಗುರು ನನ್ನ ಪ್ಯಾಂಟಿನ ನೂಲಿಗೆ ಸಿಕ್ಕಿಕೊಂಡಿತ್ತು. ಪಾಪ, ಒಳ್ಳೆಯ ನಿದ್ದೆಯಲ್ಲಿತ್ತು. ಫೋಟೊದಲ್ಲಿ ಕಣ್ಣು ಕಾಣಬೇಕಲ್ಲ ಅಂತ ಅಲ್ಲಿನವರೊಬ್ಬರು ಬಗ್ಗಿ ಅದರ ಮೂಗಿಗೆ ಉಫ್ ಅಂತ ಊದಿದರು. ಕಣ್ಣು ಬಿಟ್ಟಿತು. ಕ್ಲಿಕ್. ಆ ಫೋಟೊ ಈಗಲೂ ನನ್ನ ಕಪಾಟಿನಲ್ಲಿದೆ, ಯಾರಿಗೂ ತೋರಿಸುವುದಿಲ್ಲ. ಮರುವರ್ಷ ಇಮೇಲ್ ಮಾಡಿ ಆ ಮರಿ ಹೇಗಿದೆ ಎಂದು ಕೇಳಿದೆ. ‘ಬೇರೆ ಫಾರ್ಮಿಗೆ ಹೋಯಿತು’ ಎಂದು ಒಂದು ಸಾಲು ಬಂತು. ಯಾವ ಫಾರ್ಮು ಎಂದು ಕೇಳಿದೆ. ಉತ್ತರ ಬರಲಿಲ್ಲ.

ಈ ವ್ಯವಹಾರ ಹೇಗೆ ನಡೆಯುತ್ತದೆ ಎನ್ನುವುದು ಹಟ್ಟಿಯಲ್ಲಿ ದನ ಸಾಕಿದವರಿಗೆ ಬೇಗ ಅರ್ಥವಾಗುತ್ತದೆ. ಕರು ಕುಡಿಯುತ್ತಿದ್ದರೆ ದನ ಬೆದೆಗೆ ಬರುವುದು ತಡ, ಅಲ್ವಾ? ಸಿಂಹದಲ್ಲೂ ಹಾಗೇ. ಕಾಡಿನಲ್ಲಿ ಮರಿಗಳು ಸುಮಾರು ಎರಡು ವರ್ಷ ತಾಯಿಯ ಜೊತೆಗಿರುತ್ತವೆ. ಹಾಗಾಗಿ ಹೆಣ್ಣು ಸಿಂಹ ಮತ್ತೆ ಮರಿ ಹಾಕುವುದು ಎರಡು ವರ್ಷಕ್ಕೊಮ್ಮೆ. ಆದರೆ ಹುಟ್ಟಿದ ಕೆಲವೇ ದಿನಕ್ಕೆ ಮರಿಯನ್ನು ಕಿತ್ತುಕೊಂಡರೆ ತಾಯಿ ಬೇಗ ಬೆದೆಗೆ ಬರುತ್ತದೆ. ಗರ್ಭ ಸುಮಾರು 110 ದಿನ. ಲೆಕ್ಕ ಹಾಕಿ, ವರ್ಷಕ್ಕೆ ಎರಡು ಸೂಲು ತೆಗೆಯಬಹುದು. ಮರಿ ಕಿತ್ತದ್ದಕ್ಕೆ ಇಡುವ ಹೆಸರು ‘ಅನಾಥ’. ತಾಯಿ ಬೇಲಿಯ ಆಚೆಗೇ ಇರುತ್ತಾಳೆ.

ಹಾಲು ಕುಡಿಸುವ ಕೆಲಸಕ್ಕೆ ಸಂಬಳದ ಆಳು ಬೇಡ. ಅದನ್ನು ಮಾಡಲು ನೀವು ದುಡ್ಡು ಕೊಟ್ಟು ಬರುತ್ತೀರಿ. ಮರಿ ಆರೇಳು ತಿಂಗಳಾದರೆ ಮುದ್ದಿಸಲು ಆಗುವುದಿಲ್ಲ, ಗೀರುತ್ತದೆ, ಕಚ್ಚುತ್ತದೆ. ಆಗ ‘ಸಿಂಹದ ಜೊತೆ ನಡಿಗೆ’ ಶುರು. ಅದಕ್ಕೂ ದೊಡ್ಡದಾದ ಮೇಲೆ? ಸಾಕಿದ ಸಿಂಹ ಹದಿನೈದು ವರ್ಷಕ್ಕೂ ಜಾಸ್ತಿ ಬದುಕುತ್ತದೆ, ಅಷ್ಟೂ ವರ್ಷ ಮಾಂಸ ಹಾಕಬೇಕು. ಯಾರು ಹಾಕುತ್ತಾರೆ? ಒಂದು ದಾರಿ ಬೇಲಿಯೊಳಗಿನ ಬೇಟೆ: ಹೊರದೇಶದಿಂದ ಬಂದವರು ದುಡ್ಡು ಕೊಟ್ಟು, ತಪ್ಪಿಸಿಕೊಳ್ಳಲು ಜಾಗವೇ ಇಲ್ಲದ ಸಿಂಹಕ್ಕೆ ಗುಂಡು ಹೊಡೆಯುವುದು. ಇನ್ನೊಂದು ಮೂಳೆಯ ವ್ಯಾಪಾರ, ಏಷ್ಯಾದ ಮಾರುಕಟ್ಟೆಗೆ. 2017ರಲ್ಲಿ 800 ಸಿಂಹದ ಅಸ್ಥಿಪಂಜರ ರಫ್ತು ಮಾಡಲು ಅಲ್ಲಿನ ಸರ್ಕಾರವೇ ಕೋಟಾ ಕೊಟ್ಟಿತ್ತು. 2017 ಮತ್ತು 2018ರ ಕೋಟಾ ಕಾನೂನಿಗೆ ವಿರುದ್ಧ ಎಂದು 2019ರಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಹೇಳಿತು. 2021ರಲ್ಲಿ ಸರ್ಕಾರ ನೇಮಿಸಿದ ತಜ್ಞರ ಸಮಿತಿಯ ವರದಿ ಬಂತು. ಈ ಸಾಕಣೆಯನ್ನೇ ನಿಲ್ಲಿಸುತ್ತೇವೆ ಎಂದು ಪರಿಸರ ಸಚಿವೆ ಬಾರ್ಬರಾ ಕ್ರೀಸಿ ಪ್ರಕಟಿಸಿದರು. ನಿಲ್ಲಿಸುತ್ತೇವೆ ಅಂದಷ್ಟು ಬೇಗ ನಿಲ್ಲುವ ವ್ಯಾಪಾರ ಇದಲ್ಲ. ಬೇಲಿಯೊಳಗೆ ಸಾವಿರಾರು ಸಿಂಹಗಳಿವೆ.

ಮರಿ ಮುದ್ದಿಸುವ ಎಲ್ಲ ಜಾಗದ ಸಿಂಹಗಳೂ ಗುಂಡಿಗೇ ಬಲಿ ಎಂದು ನಾನು ಹೇಳುವುದಿಲ್ಲ. ‘ದೊಡ್ಡದಾದ ಮೇಲೆ ಕಾಡಿಗೆ ಬಿಡುತ್ತೇವೆ’ ಎಂದು ನಿಮಗೆ ಹೇಳಿದರೆ ಮಾತ್ರ ನಂಬಬೇಡಿ. ಮನುಷ್ಯನ ಕೈಯಲ್ಲಿ ಹಾಲು ಕುಡಿದ ಸಿಂಹಕ್ಕೆ ಮನುಷ್ಯ ಅಂದರೆ ಊಟ ತರುವವನು. ಅದನ್ನು ಕಾಡಿಗೆ ಬಿಟ್ಟರೆ ಪಕ್ಕದ ಹಳ್ಳಿಯ ಅಂಗಳಕ್ಕೆ ಬರುತ್ತದೆ. ಮತ್ತೆ ಅಲ್ಲಿನವರ ಪಾಡು ಏನು?

ಹಾಗಾದರೆ ಗೆಳತಿ ಹೇಳಿದ್ದು ಪೂರ್ತಿ ಸರಿಯಾ? ಅರ್ಧ ಸರಿ. ವನ್ಯಜೀವಿಗಳಿಗಾಗಿ ಹೊರದೇಶದಲ್ಲಿ ವಾಲಂಟಿಯರ್ ಆಗಿ ಹೋಗುವುದೆಲ್ಲ ಮೋಸವಲ್ಲ. ಒಳ್ಳೆಯ ಜಾಗಗಳಿವೆ, ಅಲ್ಲಿ ನಿಮ್ಮಂಥವರು ನಿಜವಾಗಿ ಬೇಕು. ಅವನ್ನು ಗುರುತಿಸಲು ನನ್ನ ಹತ್ತಿರ ಒಂದು ಅಡ್ಡದಾರಿ ಇದೆ: ಅವರು ನಿಮಗೆ ಆಸೆ ತೋರಿಸುವ ಫೋಟೊ ನೋಡಿ. ಅದರಲ್ಲಿ ಪ್ರಾಣಿಯನ್ನು ಮನುಷ್ಯ ಮುಟ್ಟಿಕೊಂಡಿದ್ದರೆ ಬಿಟ್ಟುಬಿಡಿ. ಪ್ರಾಣಿ ದೂರದಲ್ಲಿದ್ದು, ಮುಂದೆ ಬೆವರಿದ ನಾಲ್ಕು ಜನ ಬೇಲಿಯ ತಂತಿ ಸುತ್ತುತ್ತಿದ್ದರೆ ಆ ಜಾಗದ ಬಗ್ಗೆ ಇನ್ನಷ್ಟು ವಿಚಾರಿಸಬಹುದು.

ಇದು ನನ್ನೊಬ್ಬನ ಮಾತಲ್ಲ. ಅಲ್ಲಿನ ಪ್ರವಾಸೋದ್ಯಮದವರದ್ದೇ ಸಂಘ ‘ಸಾಟ್ಸಾ’ 2019ರಲ್ಲಿ ಒಂದು ಮಾರ್ಗದರ್ಶಿ ತಂದಿತು. ಕಾಡುಪ್ರಾಣಿಯ ಮರಿಗಳನ್ನು ಮುಟ್ಟುವುದು, ಸಿಂಹ ಚಿರತೆಗಳ ಜೊತೆ ನಡೆಯುವುದು, ಎರಡೂ ಬೇಡ ಎಂದು ಅದರಲ್ಲಿದೆ. ನಿಮಗೆ ಒಂದೂವರೆ ಲಕ್ಷಕ್ಕೆ ಮಾರುತ್ತಿರುವುದು ಅದೇ ಎರಡು.

ಇವತ್ತೇ ಅವರಿಗೆ ಒಂದು ಇಮೇಲ್ ಬರೆಯಿರಿ. ಸಿಟ್ಟು ಬೇಡ, ಪರೀಕ್ಷೆ ಮಾಡುವ ಧಾಟಿಯೂ ಬೇಡ. ಈ ಮರಿಗಳ ತಾಯಂದಿರು ಎಲ್ಲಿದ್ದಾರೆ? ಮೂರು ವರ್ಷ ಹಿಂದೆ ಇಲ್ಲಿ ಮರಿಯಾಗಿದ್ದವು ಈಗ ಎಲ್ಲಿವೆ, ನಾನು ಬಂದಾಗ ನೋಡಬಹುದಾ? ನಿಮ್ಮಲ್ಲಿ ಹೊಸ ಮರಿಗಳು ಹುಟ್ಟುತ್ತವಾ? ಇಷ್ಟು ಸಾಕು. ನಿಜವಾದ ಆಶ್ರಯಧಾಮದಲ್ಲಿ ಮರಿ ಹುಟ್ಟಿಸುವುದಿಲ್ಲ, ಮಾರುವುದಿಲ್ಲ, ಬಂದವರ ಕೈಗೆ ಪ್ರಾಣಿ ಕೊಡುವುದಿಲ್ಲ. ಪ್ರಾಣಿ ಆಶ್ರಯಧಾಮಗಳ ಜಾಗತಿಕ ಒಕ್ಕೂಟ ಒಂದಿದೆ, 2007ರಲ್ಲಿ ಶುರುವಾದದ್ದು, ಚಿಕ್ಕದಾಗಿ ‘ಜಿಫಾಸ್’ ಅನ್ನುತ್ತಾರೆ. ಅವರ ಮಾನ್ಯತೆ ಇದೆಯಾ ಎಂದೂ ಕೇಳಿ. ‘ಅಭಯಾರಣ್ಯ’, ‘ಸಂರಕ್ಷಣೆ’ ಎಂಬ ಪದಗಳನ್ನು ಬೋರ್ಡಿನ ಮೇಲೆ ಯಾರು ಬೇಕಾದರೂ ಬರೆದುಕೊಳ್ಳಬಹುದು.

ಈಗ ನಿಮ್ಮ ಕ್ಯಾಮೆರಾಕ್ಕೆ ಬರೋಣ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗಬಹುದು.

ಒಳ್ಳೆಯ ಜಾಗದಲ್ಲಿ ಫೋಟೊ ತೆಗೆಯುವುದು ಶೋಕಿಯಲ್ಲ, ಅದೇ ಕೆಲಸ. ಬೆಳಿಗ್ಗೆ ಐದಕ್ಕೆ ಜೀಪಿನಲ್ಲಿ ಹೊರಡುತ್ತೀರಿ. ಸಿಂಹ ಕಂಡರೆ ಯಾವ ಸಿಂಹ ಎಂದು ಬರೆಯಬೇಕು. ಹೇಗೆ ಗೊತ್ತಾಗುತ್ತದೆ? ಅದರ ಮೀಸೆ ನೋಡಿ. ಮೀಸೆಯ ಕೂದಲು ಹುಟ್ಟುವಲ್ಲಿ ಕಪ್ಪು ಚುಕ್ಕೆಗಳ ಸಾಲುಗಳಿರುತ್ತವೆ. ತೀರಾ ಮೇಲಿನ ಸಾಲಿನಲ್ಲಿ ಚುಕ್ಕೆ ಬಹಳ ಕಡಿಮೆ. ಅವು ಕೆಳಗಿನ ಸಾಲಿನ ಯಾವ ಚುಕ್ಕೆಯ ನೇರಕ್ಕಿವೆ ಎನ್ನುವುದು ಒಂದೊಂದು ಸಿಂಹಕ್ಕೂ ಬೇರೆ ಬೇರೆ. ನಮ್ಮ ಹೆಬ್ಬೆಟ್ಟಿನ ಹಾಗೆ. ಎಡಕೆನ್ನೆ ಬೇರೆ, ಬಲಕೆನ್ನೆ ಬೇರೆ, ಹಾಗಾಗಿ ಎರಡೂ ಬದಿಯ ಫೋಟೊ ಬೇಕು. ಜೊತೆಗೆ ಹರಿದ ಕಿವಿ, ಮೂಗಿನ ಗಾಯ. ಸಂಜೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತು ಹಳೆಯ ಫೋಟೊಗಳ ಜೊತೆ ಹೋಲಿಸುತ್ತೀರಿ. ಕಣ್ಣು ಉರಿಯುತ್ತದೆ. ‘ಇದು ಅದೇ ಹೆಣ್ಣು ಸಿಂಹ, ಕಳೆದ ವರ್ಷ ಉತ್ತರದ ಬೇಲಿಯ ಹತ್ತಿರ ಇದ್ದದ್ದು’ ಎಂದು ಗೊತ್ತಾದಾಗ ಆಗುವ ಖುಷಿ ಇದೆಯಲ್ಲ, ಮಾರಾಯ್ರೇ, ಮರಿ ಎತ್ತಿಕೊಂಡಾಗ ನನಗೆ ಅದರ ಕಾಲು ಭಾಗವೂ ಆಗಿರಲಿಲ್ಲ.

ಇದಕ್ಕೆ ಆಫ್ರಿಕಾವನ್ನೇ ನೋಡಬೇಕಿಲ್ಲ. ನಾಗರಹೊಳೆಯಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಮಾಡಿದ್ದೂ ಇದೇ. ಹುಲಿ ನಡೆಯುವ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿ, ಎರಡೂ ಪಕ್ಕೆಯ ಪಟ್ಟೆ ಹಿಡಿದು, ಹುಲಿಗಳನ್ನು ಒಂದೊಂದಾಗಿ ಗುರುತಿಸಿದರು. ಆ ಫೋಟೊಗಳಲ್ಲಿ ಬೆಳಕು ಚಪ್ಪಟೆ, ಎಷ್ಟೋ ಸಲ ಬಾಲ ತುಂಡು. ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಿನಲ್ಲೇ ಹೊರಗೆ. ಆದರೂ ದೇಶದ ಹುಲಿ ಲೆಕ್ಕದ ದಾರಿಯನ್ನು ಬದಲಿಸಿದ್ದು ಅಂಥ ಫೋಟೊಗಳೇ.

ನಿಮ್ಮ 55-250 ಈ ಕೆಲಸಕ್ಕೆ ಸಾಕಾ ಎಂದರೆ, ಸಾಕು. ಜೀಪಿನಿಂದ ಇಪ್ಪತ್ತು ಮೂವತ್ತು ಮೀಟರ್ ದೂರದ ಸಿಂಹದ ಮುಖ ಸಿಗುತ್ತದೆ. ಹಕ್ಕಿಗಳಿಗೆ ಸಾಲದು. ಹಕ್ಕಿ ಬೇಕೇ ಬೇಕಂದರೆ ಬೆಂಗಳೂರಲ್ಲೋ ಮಂಗಳೂರಲ್ಲೋ ಇನ್ನೂ ದೂರದ್ದನ್ನು ಹತ್ತಿರ ತೋರಿಸುವ 100-400 ಲೆನ್ಸ್ ಬಾಡಿಗೆಗೆ ಕೇಳಿ ನೋಡಿ, ಸಾಲ ಮಾಡಿ ಕೊಳ್ಳಬೇಡಿ. ಅದಕ್ಕಿಂತ ಉಪಯೋಗದ ಸಾಮಾನು ಒಂದು ಚೀಲ. ಹಳೆಯ ಜೀನ್ಸಿನ ಕಾಲು ಕತ್ತರಿಸಿ, ಒಂದು ಬದಿ ಹೊಲಿದು, ಇನ್ನೊಂದು ಬದಿಗೆ ಜಿಪ್ ಹಾಕಿಸಿ. ಖಾಲಿ ಚೀಲ ಒಯ್ಯಿರಿ, ಅಲ್ಲಿ ಹೋಗಿ ಎರಡು ಕೆಜಿ ಅಕ್ಕಿ ತುಂಬಿಸಿ ಜೀಪಿನ ಅಂಚಿನ ಮೇಲಿಟ್ಟು ಲೆನ್ಸ್ ಅದರ ಮೇಲೆ ಕೂರಿಸಿ. ಇಂಜಿನ್ ಆಫ್ ಮಾಡಲು ಹೇಳಿ. ಟ್ರೈಪಾಡ್ ಮನೆಯಲ್ಲೇ ಇರಲಿ. ಧೂಳಿನಲ್ಲಿ ಲೆನ್ಸ್ ಬಿಚ್ಚಬೇಡಿ. ಹತ್ತು ಗಂಟೆಯ ಮೇಲೆ ಬಿಸಿ ಗಾಳಿಗೆ ದೂರದ್ದೆಲ್ಲ ಅಲುಗಿದ ಹಾಗೆ ಕಾಣುತ್ತದೆ, ಆಗ ಎಂಥ ಲೆನ್ಸ್ ಇದ್ದರೂ ಅಷ್ಟೆ.

ಮತ್ತೊಂದು ವಿಷಯ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಆಟಿ ತಿಂಗಳ ಮಳೆ ಹೊಡೆಯುವಾಗ ಅಲ್ಲಿ ಒಣ ಚಳಿಗಾಲ. ಎಲೆ ಉದುರಿ ಕಾಡು ಬೋಳಾಗಿರುತ್ತದೆ, ಪ್ರಾಣಿಗಳು ನೀರಿನ ಹೊಂಡಕ್ಕೆ ಬರುತ್ತವೆ, ಸೊಳ್ಳೆಯೂ ಕಡಿಮೆ. ಅಲ್ಲಿನ ದೊಡ್ಡ ರಾಷ್ಟ್ರೀಯ ಉದ್ಯಾನ ಕ್ರೂಗರ್ ಸುತ್ತಿನ ತಗ್ಗು ಪ್ರದೇಶದಲ್ಲಿ ಮಲೇರಿಯಾ ಇದೆ, ಅದರ ಕಾಟ ಜಾಸ್ತಿ ಅಲ್ಲಿನ ಮಳೆಗಾಲದಲ್ಲಿ. ಹಾಗಾಗಿ ಜೂನ್‌ನಿಂದ ಆಗಸ್ಟ್ ಒಳ್ಳೆಯದು. ಬೆಳಿಗ್ಗೆ ತೆರೆದ ಜೀಪಿನಲ್ಲಿ ಹಲ್ಲು ಕಟಕಟ ಅನ್ನುವ ಚಳಿ, ಸ್ವೆಟರ್ ಮರೆಯಬೇಡಿ. ನಮ್ಮ ಕಾಸರಗೋಡಿನವರು ಚಳಿಯ ವಿಷಯದಲ್ಲಿ ಯಾವಾಗಲೂ ಮೋಸ ಹೋಗುವುದು.

ಫ್ಲ್ಯಾಶ್ ಹಾಕಿದರೆ ಪ್ರಾಣಿ ಶಾಶ್ವತವಾಗಿ ಕುರುಡಾಗುತ್ತದೆ ಎನ್ನುವುದು ಉತ್ಪ್ರೇಕ್ಷೆ. ಆದರೆ ರಾತ್ರಿ ಓಡಾಡುವ ಪ್ರಾಣಿಗೆ ಸ್ವಲ್ಪ ಹೊತ್ತು ಕಣ್ಣು ಕತ್ತಲೆ ಕಟ್ಟುತ್ತದೆ. ಹೊಂಚು ಹಾಕುತ್ತಿರುವ ಸಿಂಹದ ಮೇಲೋ, ಎದುರಿನ ಜಿಂಕೆಯ ಮೇಲೋ ಆ ಹೊತ್ತಿನಲ್ಲಿ ಬೆಳಕು ಚೆಲ್ಲಿದರೆ ಯಾರದ್ದೋ ಊಟ ಹೋಗುತ್ತದೆ, ಇಲ್ಲವೇ ಯಾರದ್ದೋ ಪ್ರಾಣ ಹೋಗುತ್ತದೆ. ಮೊಟ್ಟೆ ಇಡಲು ದಡ ಹತ್ತುವ ಕಡಲಾಮೆ ಬೆಳಕು ಕಂಡರೆ ವಾಪಸ್ ನೀರಿಗೆ ಇಳಿಯಬಹುದು. ಅದಕ್ಕೇ ಕೋಸ್ಟರಿಕಾದ ಟೋರ್ಟುಗೆರೋದಲ್ಲಿ ರಾತ್ರಿ ಆಮೆ ನೋಡಲು ಹೋಗುವವರಿಗೆ ಕ್ಯಾಮೆರಾವೇ ಬೇಡ ಅನ್ನುತ್ತಾರೆ. ಇನ್ನೊಂದು ಕುತೂಹಲದ ಸಂಗತಿ. ಸಮುದ್ರ ಕುದುರೆಯಂಥ ತಳದ ಮೀನುಗಳ ಮೇಲೆ ಫ್ಲ್ಯಾಶ್ ಏನು ಮಾಡುತ್ತದೆ ಎಂದು 2019ರಲ್ಲಿ ಒಂದು ಅಧ್ಯಯನ ಬಂತು. ಫ್ಲ್ಯಾಶಿಗಿಂತ ಜಾಸ್ತಿ ತೊಂದರೆ ಕೊಟ್ಟದ್ದು ಫೋಟೊಕ್ಕೆ ಸರಿಯಾಗಿ ಕೂರಲಿ ಅಂತ ಅವನ್ನು ಮುಟ್ಟಿ ಸರಿಸಿದ್ದು. ನನಗೆ ಆ ಮರಿಯ ಮೂಗಿಗೆ ಊದಿದ್ದು ನೆನಪಾಯಿತು.

ಪ್ರಾಣಿ ‘ಖುಷಿಯಾಗಿದೆ’ ಎಂದು ಫೋಟೊ ನೋಡಿ ಹೇಳುವುದು ಕಷ್ಟ. ನಮ್ಮ ಕಾಡುಪಾಪದ ನೆಂಟ ಒಂದು ಆಗ್ನೇಯ ಏಷ್ಯಾದಲ್ಲಿದೆ, ಸ್ಲೋ ಲೋರಿಸ್. ಯಾರೋ ಅದಕ್ಕೆ ಕಚಗುಳಿ ಇಡುವ ವೀಡಿಯೊ 2009ರಲ್ಲಿ ಲೋಕವೆಲ್ಲ ಸುತ್ತಿತು. ಎರಡೂ ಕೈ ಎತ್ತಿ ಇನ್ನೂ ಬೇಕು ಅನ್ನುವ ಹಾಗೆ ಕಾಣುತ್ತದೆ. ನಿಜಕ್ಕೂ ಅದು ಹೆದರಿದಾಗ ಕೈ ಎತ್ತುವುದು. ಮೊಣಕೈ ಹತ್ತಿರದ ಗ್ರಂಥಿಯ ರಸವನ್ನು ಬಾಯಿಗೆ ತೆಗೆದುಕೊಂಡು ಕಚ್ಚಿದರೆ ವಿಷ.

ಇನ್‌ಸ್ಟಾಗ್ರಾಮಿನ ವಿಷಯ. ಹಾಕಬಹುದು, ಆದರೆ ಖಡ್ಗಮೃಗ ಇದ್ದರೆ ಜಾಗ ಹೇಳಬೇಡಿ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಜಾಗದ ಮಾಹಿತಿ ಹೋಗುವುದಿಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹೋಗುತ್ತದೆ. ಕೊಂಬಿಗಾಗಿ ಕೊಲ್ಲುವವರು ಇಂಥವನ್ನೇ ಹುಡುಕುತ್ತಾರೆ. ನಮ್ಮ ಮುಳಿಯಾರು, ಕಾರಡ್ಕ ಕಡೆ ಚಿರತೆ ಕಂಡಾಗ ಸ್ಟೇಟಸ್ ಹಾಕಿದ ಅರ್ಧ ಗಂಟೆಗೆ ಬೈಕುಗಳ ಸಾಲು ನಿಲ್ಲುತ್ತದಲ್ಲ, ಅದೇ ಕಥೆ, ಅಲ್ಲಿ ಬರುವವರ ಕೈಯಲ್ಲಿ ಬಂದೂಕು. ವಾನರಗಳಿದ್ದರೆ ಇನ್ನೊಂದು ನಿಯಮ. ನಮ್ಮ ಶೀತವೇ ಗೊರಿಲ್ಲಾ, ಚಿಂಪಾಂಜಿಗಳಿಗೆ ಪ್ರಾಣಕ್ಕೆ ಬರಬಹುದು. ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ ಐಯುಸಿಎನ್‌ನ ತಜ್ಞರು 2021ರಲ್ಲಿ ಫೋಟೊಗಳ ಬಗ್ಗೆಯೇ ಸೂಚನೆ ಕೊಟ್ಟರು: ಮನುಷ್ಯ ಫೋಟೊದಲ್ಲಿದ್ದರೆ ಏಳು ಮೀಟರ್ ದೂರ ಕಾಣಬೇಕು, ಮಾಸ್ಕ್ ಇರಬೇಕು. ಯಾಕೆ ಅಂದರೆ ಒಬ್ಬರ ಮುದ್ದು ಫೋಟೊ ನೋಡಿ ನೂರು ಜನಕ್ಕೆ ಅಂಥದ್ದೇ ಬೇಕಾಗುತ್ತದೆ. ಕೋಸ್ಟರಿಕಾ ಸರ್ಕಾರ 2019ರಲ್ಲಿ ಕಾಡುಪ್ರಾಣಿಗಳ ಜೊತೆ ಸೆಲ್ಫಿ ಬೇಡ ಎಂದು ಪ್ರಚಾರ ಶುರುಮಾಡಿದ್ದೂ ಇದಕ್ಕೇ.

ಬೇಲಿಯೊಳಗಿನ ಪ್ರಾಣಿಯ ಫೋಟೊ ಹಾಕಿದರೆ ಬೇಲಿಯೊಳಗಿನದ್ದು ಎಂದು ಬರೆಯಿರಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲಿ 2009ರ ದೊಡ್ಡ ಬಹುಮಾನ ಗೇಟು ಹಾರುವ ತೋಳದ ಫೋಟೊಕ್ಕೆ ಬಂದಿತ್ತು. ತೋಳ ಬಹುಶಃ ಪಳಗಿಸಿದ್ದು ಎಂದು ತೀರ್ಪುಗಾರರಿಗೆ ಅನ್ನಿಸಿ, 2010ರಲ್ಲಿ ಬಹುಮಾನ ವಾಪಸ್ ಹೋಯಿತು. ಫೋಟೊ ಮಾರುವ ಯೋಚನೆ ಇದ್ದರೆ ಸಹಿ ಹಾಕುವ ಕರಾರು ಪೂರ್ತಿ ಓದಿ. ವಾಲಂಟಿಯರ್ ತೆಗೆದ ಫೋಟೊದ ಹಕ್ಕು ತಮ್ಮದೇ ಎಂದು ಕೆಲವರು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಡ್ರೋನ್ ಒಯ್ಯುವ ಯೋಚನೆಯೇ ಬೇಡ, ಕ್ರೂಗರ್ ಸೇರಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಅದಕ್ಕೆ ನಿಷೇಧ.

ಈಗ ಏನು ಮಾಡಬಹುದು? ಮುಂಗಡ ವಾಪಸ್ ಕೇಳಿ. ಪೂರ್ತಿ ಸಿಗಲಿಕ್ಕಿಲ್ಲ. ಇಪ್ಪತ್ತೈದು ಸಾವಿರ ಹೋದರೂ ಉಳಿದ ಒಂದೂಕಾಲು ಲಕ್ಷ ನಿಮ್ಮ ಕೈಯಲ್ಲೇ ಇದೆ. ಅಪ್ಪನಿಗೂ ಹಾಗೇ ಹೇಳಿ. ಕೊಳೆರೋಗ ಬಂದ ವರ್ಷ ಕಂಗಿನ ತೋಟದಲ್ಲಿ ಎಷ್ಟು ಹೋಗುತ್ತದೆ ಎಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಹೋಗಲೇಬೇಕು ಅನ್ನಿಸಿದರೆ ಪ್ರಾಣಿಗಳನ್ನು ಗಮನಿಸಿ ದಾಖಲಿಸುವ ಕೆಲಸ ಹುಡುಕಿ. ಅದರ ತೊಂದರೆಗಳನ್ನೂ ಕೇಳಿ: ಬೇಜಾರು ಜಾಸ್ತಿ. ಮೂರು ದಿನ ಏನೂ ಕಾಣದೆ ಬರೀ ಲದ್ದಿ ಎಣಿಸಬೇಕಾಗಬಹುದು. ಖರ್ಚು ಕಡಿಮೆಯೇನಲ್ಲ. ಗಾಯಗೊಂಡ ಪ್ರಾಣಿಗಳ ಆರೈಕೆ ಕೇಂದ್ರ ಇನ್ನೊಂದು ದಾರಿ. ಅಲ್ಲಿ ಕೆಲವೊಮ್ಮೆ ಮರಿಗಳಿಗೆ ಹಾಲು ಕುಡಿಸುವುದು ನಿಜಕ್ಕೂ ಬೇಕಾಗುತ್ತದೆ, ಅದನ್ನು ಹಳಬರು ಮಾಡುತ್ತಾರೆ. ನಿಮಗೆ ಬೋನು ತೊಳೆಯುವುದು, ಮೇವು ಕತ್ತರಿಸುವುದು; ಕ್ಯಾಮೆರಾ ನಿಮ್ಮ ರೂಮಿನಲ್ಲೇ ಉಳಿಯುತ್ತದೆ. ಕಚ್ಚಿಸಿಕೊಳ್ಳುವ ಅಪಾಯ ಇರುವುದರಿಂದ ಹೋಗುವ ಮುಂಚೆಯೇ ರೇಬೀಸ್ ಲಸಿಕೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಎರಡರಲ್ಲಿ ಯಾವುದಕ್ಕೆ ಹೋದರೂ ವೀಸಾ ಯಾವ ಬಗೆಯದ್ದು ಎಂದು ಬರಹದಲ್ಲಿ ಕೇಳಿಕೊಳ್ಳಿ. ಸಂಬಳ ಇಲ್ಲದ ಕೆಲಸವನ್ನೂ ಕೆಲಸವೆಂದೇ ನೋಡುವ ದೇಶಗಳಿವೆ, ‘ಟೂರಿಸ್ಟ್ ವೀಸಾ ಸಾಕು, ಏನೂ ಆಗುವುದಿಲ್ಲ’ ಎಂಬ ಏಜೆಂಟರ ಬಾಯಿಮಾತು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೋಗುವಾಗ ಕ್ಯಾಮೆರಾವನ್ನು ಕಸ್ಟಮ್ಸಿನವರಿಗೆ ತೋರಿಸಿ ಚೀಟಿ ಮಾಡಿಸಿಕೊಳ್ಳಿ, ವಾಪಸ್ ಬರುವಾಗ ರಗಳೆ ಇರುವುದಿಲ್ಲ. ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲೇ ಇರಲಿ.

ಒಂದು ವರ್ಷ ಮುಂದೆ ಹಾಕುವುದೂ ಒಂದು ದಾರಿ. ಸಮಾಧಾನಕ್ಕೆ ಹೇಳುತ್ತಿಲ್ಲ, ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ನೀಲೇಶ್ವರದ ತೈಕಡಪ್ಪುರದಲ್ಲಿ ‘ನೆಯ್ತಲ್’ ಎಂಬ ಊರಿನವರ ಗುಂಪು ಆಲಿವ್ ರಿಡ್ಲಿ ಆಮೆಗಳ ಮೊಟ್ಟೆ ಕಾಯುತ್ತದೆ. ನಮ್ಮ ಚಂದ್ರಗಿರಿ ಹೊಳೆಯಲ್ಲಿ ಕ್ಯಾಂಟರ್‌ನ ದೈತ್ಯ ಮೃದುಚಿಪ್ಪಿನ ಆಮೆ ಇದೆ, ಲೋಕದಲ್ಲೇ ಅಪರೂಪದ್ದು. ಹೆಚ್ಚು ಹೊತ್ತು ಮರಳಲ್ಲಿ ಹೂತು ಕೂತಿರುತ್ತದೆ, ಉಸಿರಿಗೆ ಮೂಗು ಮೇಲೆ ಮಾಡುವುದು ಕ್ಷಣಮಾತ್ರ. ಅದರ ಒಂದು ಫೋಟೊಕ್ಕೆ ಕಾಯಲು ಕಲಿತವರಿಗೆ ಆಫ್ರಿಕಾ ಸುಲಭ. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಗುವ ತನಕ ಎಷ್ಟು ಜನ ಕ್ಯಾಮೆರಾ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು ನೋಡಿ. ನನ್ನ ಹತ್ತಿರ ಬಬಿಯಾದ ಹದಿನೇಳು ಫೋಟೊಗಳಿವೆ. ಹದಿನಾರರಲ್ಲಿ ಬರೀ ನೀರು.

ಅವರ ಇಮೇಲ್ ಉತ್ತರ ಬಂದರೆ ನನಗೂ ಕಳಿಸಿ. ‘ತಾಯಿ ಎಲ್ಲಿ’ ಎಂಬ ಪ್ರಶ್ನೆಗೆ ಏನು ಬರೆದಿದ್ದಾರೆ ಎಂದು ಒಟ್ಟಿಗೆ ಓದೋಣ.